ಶ್ವಾನಾಶ್ರಯದ ನಿತ್ಯಕಾಯಕವೂ ಸೇವಕರ ಸುರಕ್ಷತೆಯೂ

ತೀರ್ಥಹಳ್ಳಿಯಿಂದ ಆಗುಂಬೆಯತ್ತ ಹೋಗುವ ದಾರಿಯಲ್ಲಿರುವ ಮೇಗರವಳ್ಳಿ ಕನ್ನಡ ಓದುಗರಿಗೆ ಅಪರಿಚಿತವಾದ ಊರಲ್ಲ. 1967ರಲ್ಲಿ ಪ್ರಕಟವಾದ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಜನ ನಡೆದಾಡಿದ ಸೀಮೆ ಅದು. ಆ ಕಾದಂಬರಿಯ ಗುತ್ತಿಯನ್ನು ನೆನೆದಾಗಲೆಲ್ಲ ಅವನ ನಾಯಿ ಹುಲಿಯನೂ ನೆನಪಿಗೆ ಬರುತ್ತದೆ. ಒಡೆಯನ ಹೆಸರಿಗೇ ನಾಯಿ ಅಂಟಿಕೊಂಡು ಅವನು ‘ನಾಯಿಗುತ್ತಿ’ಯಾದನು. ಮಲೆನಾಡಿನ ಮನೆಯಲ್ಲಿ ನಾಯಿಗೆ ಅನ್ನವಿದ್ದಂತೆ ಕೆಲಸವೂ ಇತ್ತು. ಅಡಕೆ ಹರಡಿದ ಅಂಗಳವನ್ನು ಕಾಯುವುದು, ಗದ್ದೆಗಿಳಿಯುವ ಹಂದಿಯನ್ನು ಬೆದರಿಸುವುದು, ದನಗಳ ಜತೆಗೆ ಕಾಡಿಗೆ ಹೋಗಿ ಸಂಜೆ ಮರಳುವುದು, ಒಡೆಯನು ಕೋವಿ ಹಿಡಿದು ಹೊರಟರೆ ಮುಂದೆ ಓಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು, ಕೂಡುಕುಟುಂಬಗಳು ಒಡೆದವು, ಮಕ್ಕಳು ಬೆಂಗಳೂರು ಸೇರಿದರು. ನಾಯಿ ಮಾತ್ರ ಊರಿನಲ್ಲಿಯೇ ಉಳಿಯಿತು. ಇಂದು ಯಾರ ಮನೆಗೂ ಸೇರದೆ ಬಸ್ ನಿಲ್ದಾಣದ ಮಗ್ಗುಲಲ್ಲಿ, ಖಾನಾವಳಿಯ ಹಿತ್ತಲಲ್ಲಿ, ಶಾಲೆಯ ಜಗಲಿಯಲ್ಲಿ ಬದುಕುವ ನಾಯಿಗಳು ಮಲೆನಾಡಿನ ಪುಟ್ಟ ಪೇಟೆಗಳಲ್ಲಿಯೂ ಕಾಣಸಿಗುತ್ತವೆ. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ರಸ್ತೆಯ ತಿರುವಿನಲ್ಲಿ ಬಿಟ್ಟುಹೋಗುವ ಕೆಟ್ಟ ಪದ್ಧತಿಯೂ ಇಲ್ಲದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ನೀಡಿದ ಆದೇಶವು ಈ ಪ್ರಶ್ನೆಯನ್ನು ವಿದ್ಯಾಸಂಸ್ಥೆಗಳ ಬಾಗಿಲಿಗೇ ತಂದು ನಿಲ್ಲಿಸಿತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದೊಳಗಿನ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯಧಾಮಗಳಿಗೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಕೂಡದು ಎಂಬುದು ಅದರ ಸಾರ. ಶಾಲೆಯ ಮಕ್ಕಳ ಮಟ್ಟಿಗೆ ಇದು ಸಮಾಧಾನದ ಮಾತೇ ಸರಿ. ಆದರೆ ಆಶ್ರಯಧಾಮವೆಂದರೆ ನಾಲ್ಕು ಗೋಡೆ, ಒಂದು ಬೇಲಿ, ದಾನಿಗಳ ಹೆಸರು ಕೊರೆದ ಒಂದು ಕಲ್ಲು ಎಂದಷ್ಟೇ ತಿಳಿದವರು ಬಹಳ ಮಂದಿ. ಕಟ್ಟಡ ಒಂದು ಸಲದ ಕೆಲಸ. ಅದರೊಳಗಿನ ಜೀವಗಳು ಬೆಳಗಾಗುತ್ತಲೇ ಹಸಿಯುತ್ತವೆ, ಮಲಮೂತ್ರ ಮಾಡುತ್ತವೆ, ರೋಗ ಹೊತ್ತು ತರುತ್ತವೆ, ಒಂದನ್ನೊಂದು ಕಚ್ಚುತ್ತವೆ. ಅವುಗಳ ನಡುವೆ ಪ್ರತಿದಿನವೂ ನಿಂತು ದುಡಿಯುವ ಕೈಗಳಿಲ್ಲದಿದ್ದರೆ ಆಶ್ರಯಧಾಮವು ಕೆಲವೇ ವಾರಗಳಲ್ಲಿ ರೋಗದ ಗೂಡಾಗುತ್ತದೆ. ಆ ಕೈಗಳಿಗೆ ರಕ್ಷಣೆಯಿಲ್ಲದಿದ್ದರೆ ಒಂದು ಪ್ರಾಣವೇ ಹೋಗಬಹುದು.

ನಾಯಿಗೆ ನಿತ್ಯದ ಉಪಚಾರವನ್ನು ಏರ್ಪಡಿಸಿದ ನಿದರ್ಶನ ಕನ್ನಡ ನಾಡಿನಲ್ಲಿ ಬಹು ಹಿಂದಿನದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವು ಕಾಳಿಯೆಂಬ ಬೇಟೆನಾಯಿಯ ಸ್ಮಾರಕವಾಗಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಆ ನಾಯಿಯನ್ನು ಮೆಚ್ಚುಗೊಡುಗೆಯಾಗಿ ಪಡೆದವನು ಮಣಲೆರನೆಂಬ ವೀರ. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ನಾಯಿಯೂ ಜತೆಯಾಗಿ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಬರೆಸಲಾಗಿದೆ. ಭೂಮಿ ಕೊಟ್ಟ ದಾನಿ ಅಷ್ಟಕ್ಕೇ ತೃಪ್ತನಾಗದೆ ದಿನದಿನದ ಕರ್ತವ್ಯವನ್ನೂ ಒಬ್ಬನ ಊಟಕ್ಕೆ ಕಟ್ಟಿಹಾಕಿದನೆಂಬುದು ಇಲ್ಲಿ ಗಮನಾರ್ಹ. ಶರಣರ ಕಥೆಗಳನ್ನು ಬಲ್ಲವರಿಗೆ ಹಾವಿನಹಾಳ ಕಲ್ಲಯ್ಯನು ನಾಯಿಯಿಂದ ವೇದವನ್ನೋದಿಸಿದ ಪ್ರಸಂಗವೂ ಗೊತ್ತು. ಪವಾಡದ ಮಾತು ಹಾಗಿರಲಿ, ಹೊಸ್ತಿಲಾಚೆಗೆ ನಿಲ್ಲಿಸಿದ ಪ್ರಾಣಿಯನ್ನು ಹೀನವೆಂದೆಣಿಸದ ಮನೋಭಾವ ಆ ಕಥೆಯಲ್ಲಿದೆ.

ಆಧುನಿಕ ರೀತಿಯ ಆಶ್ರಯಧಾಮಗಳ ಚರಿತ್ರೆಯಲ್ಲಿ ಕ್ರಿಸ್ಟಲ್ ರೋಜರ್ಸ್ ಅವರ ಹೆಸರನ್ನು ಬಿಡುವಂತಿಲ್ಲ. ಈ ಆಂಗ್ಲ ಮಹಿಳೆ 1959ರಲ್ಲಿ ದೆಹಲಿಯಲ್ಲಿ ಪ್ರಾಣಿಗಳಿಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 1980ರಲ್ಲಿ ಜಯಪುರದಲ್ಲಿ ಇನ್ನೊಂದನ್ನು ಕಟ್ಟಿದರು. ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಸಂಸ್ಥೆಗೆ ಅಡಿಗಲ್ಲಾದರು. 1996ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆ ನಡೆದು ಬಂದಿದೆ. ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಗಣತಿಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷವೆಂದು ಕಂಡುಬಂದಿತು. 2019ರಲ್ಲಿ ಅದು ಸುಮಾರು 3.10 ಲಕ್ಷವಿತ್ತು. ಈ ಇಳಿತಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಮುಖ್ಯ ಕಾರಣವೆಂದು ಹೇಳಲಾಯಿತು. ಆದರೆ ಶಸ್ತ್ರಚಿಕಿತ್ಸೆಯಾದ ನಾಯಿ ಗಾಯ ಮಾಯುವ ತನಕ ಒಂದು ಕೊಟ್ಟಡಿಯಲ್ಲಿರಬೇಕು; ಆ ಕೊಟ್ಟಡಿಯನ್ನು ಯಾರೋ ಬೆಳಿಗ್ಗೆ ತೊಳೆಯಬೇಕು. ಗಣತಿಯ ಅಂಕಿಗಳ ಹಿಂದೆ ಇರುವುದು ಆ ಪೊರಕೆ.

ಆಶ್ರಯಧಾಮದ ದಿನ ಆರಂಭವಾಗುವುದು ಪೊರಕೆಯಿಂದಲ್ಲ, ಕಣ್ಣಿನಿಂದ. ಅನುಭವಿಯಾದ ಸ್ವಯಂಸೇವಕನು ಯಾವ ಬಾಗಿಲನ್ನೂ ತೆರೆಯದೆ ಮೊದಲು ಒಂದು ಸುತ್ತು ಬರುತ್ತಾನೆ. ರಾತ್ರಿಯ ಅನ್ನ ಯಾವ ತಟ್ಟೆಯಲ್ಲಿ ಹಾಗೆಯೇ ಉಳಿದಿದೆ, ಎಲ್ಲಿ ವಾಂತಿಯಾಗಿದೆ, ಎಲ್ಲಿ ರಕ್ತ ಬೆರೆತ ಭೇದಿಯಾಗಿದೆ, ನಿನ್ನೆ ಬಾಲ ಅಲ್ಲಾಡಿಸುತ್ತಿದ್ದ ಯಾವ ನಾಯಿ ಇಂದು ಮೂಲೆಗೆ ಮುಖ ಮಾಡಿ ಮಲಗಿದೆ ಎಂಬುದನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಕೂಗಿ ಕರೆದರೆ ಎಲ್ಲ ನಾಯಿಗಳೂ ಎದ್ದು ನಿಂತುಬಿಡುತ್ತವೆ, ಕಾಯಿಲೆಯ ನಾಯಿಯೂ ಒಂದು ಕ್ಷಣ ಆರೋಗ್ಯವಂತನಂತೆ ನಟಿಸುತ್ತದೆ. ಆದ್ದರಿಂದ ಈ ಸುತ್ತು ಮೌನವಾಗಿರಬೇಕು. ವೈದ್ಯರು ಬಂದಾಗ ಅವರಿಗೆ ಬೇಕಾಗುವುದು ಈ ಪುಸ್ತಕವೇ.

ಅನಂತರ ಶುಚಿಕಾರ್ಯ. ಇದರಲ್ಲಿ ಕ್ರಮವೇ ಸರ್ವಸ್ವ. ಮೊದಲು ಆರೋಗ್ಯವಂತ ಮರಿಗಳ ಕೊಟ್ಟಡಿ, ಬಳಿಕ ದೊಡ್ಡ ನಾಯಿಗಳವು, ಆಮೇಲೆ ಹೊಸದಾಗಿ ಬಂದು ಪ್ರತ್ಯೇಕವಾಗಿರುವವು, ಕಟ್ಟಕಡೆಗೆ ರೋಗಿಗಳದು. ಈ ಸರದಿಯನ್ನು ತಿರುಗಿಸಿದರೆ ಸೇವಕನ ಕಾಲೇ ರೋಗದ ವಾಹನವಾಗುತ್ತದೆ. ಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಚಪ್ಪಲಿ, ಬಕೆಟ್ಟು, ಬಟ್ಟೆಯ ಅಂಚು ಯಾವುದರಲ್ಲಿಯಾದರೂ ಸಾಗಬಲ್ಲದು. ರೋಗಿಗಳ ವಿಭಾಗಕ್ಕೆ ಬೇರೆಯೇ ಪೊರಕೆ, ಬೇರೆಯೇ ತಟ್ಟೆ, ಬೇರೆಯೇ ಗಂಬೂಟು ಇರಬೇಕೆನ್ನುವುದು ಮಡಿವಂತಿಕೆಯಲ್ಲ. ಹೊಸ ನಾಯಿಯನ್ನು ಎರಡು ವಾರವಾದರೂ ಬೇರೆಯಿಡುವುದು ಇದೇ ಕಾರಣಕ್ಕೆ.

ತೊಳೆಯುವ ವಿಧಾನದಲ್ಲಿಯೂ ಒಂದು ತಪ್ಪು ಎಲ್ಲೆಡೆ ನಡೆಯುತ್ತದೆ. ಮಲದ ಮೇಲೆಯೇ ಬ್ಲೀಚಿಂಗ್ ದ್ರಾವಣವನ್ನು ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ವ್ಯಯವಾಗಿ ಕ್ರಿಮಿ ಉಳಿಯುತ್ತದೆ. ಮೊದಲು ಕೊಳೆಯನ್ನು ಎತ್ತಬೇಕು, ಸಾಬೂನು ನೀರಿನಿಂದ ಉಜ್ಜಿ ತೊಳೆಯಬೇಕು, ಆಮೇಲೆ ದ್ರಾವಣ ಹಾಕಿ ಹತ್ತು ನಿಮಿಷ ಹಾಗೆಯೇ ಬಿಡಬೇಕು. ಅಂಗಡಿಯಲ್ಲಿ ದೊರೆಯುವ ದ್ರವರೂಪದ ಬ್ಲೀಚಾದರೆ ಒಂದು ಪಾಲಿಗೆ ಮೂವತ್ತು ಪಾಲು ನೀರು ಸಾಕು. ನೆಲ ಒಣಗುವ ಮೊದಲು ನಾಯಿಯನ್ನು ಒಳಬಿಟ್ಟರೆ ಪಾದ ಸುಡುತ್ತದೆ. ಹೆಚ್ಚು ಸ್ವಚ್ಛವಾಗಲೆಂದು ಬ್ಲೀಚಿಗೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸುವ ಉತ್ಸಾಹಿಗಳಿದ್ದಾರೆ. ಅದರಿಂದ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಮನುಷ್ಯನನ್ನೂ ನಾಯಿಯನ್ನೂ ಕೆಡವಬಲ್ಲದು.

ಊಟದ ಹೊತ್ತು ಗಲಭೆಯ ಹೊತ್ತು. ಗುಂಪಿನಲ್ಲಿ ಒಂದೇ ಬೋಗುಣಿಗೆ ಅನ್ನ ಸುರಿದರೆ ಬಲಿಷ್ಠ ನಾಯಿ ತಿಂದು ದುರ್ಬಲ ನಾಯಿ ಸೊರಗುತ್ತದೆ, ಜತೆಗೆ ಕಾದಾಟವೂ ಹುಟ್ಟುತ್ತದೆ. ದೂರದೂರಕ್ಕೆ ಬೇರೆಬೇರೆ ತಟ್ಟೆಯಿಡುವುದು, ತಿನ್ನುವಾಗ ಯಾವ ತಟ್ಟೆಗೂ ಕೈ ಹಾಕದಿರುವುದು, ಎಲ್ಲವೂ ತಿಂದು ಮುಗಿದ ಮೇಲೆ ಎಲ್ಲ ತಟ್ಟೆಗಳನ್ನೂ ಒಟ್ಟಿಗೆ ತೆಗೆಯುವುದು ರೂಢಿಯಾಗಬೇಕು. ಶಾಕಾಹಾರಿಗಳಾದ ದಾನಿಗಳಿಗೆ ಇಲ್ಲೊಂದು ಸಂಕೋಚವಿರುವುದುಂಟು. ಅನ್ನ ಮಜ್ಜಿಗೆಯಷ್ಟರಿಂದಲೇ ನಾಯಿ ದಷ್ಟಪುಷ್ಟವಾಗಿರುವುದೆಂಬ ನಂಬಿಕೆ ತಪ್ಪು. ಮರಿಗಳಿಗೂ ಹಾಲೂಡುವ ತಾಯಿಗೂ ಸಸಾರಜನಕ ಹೆಚ್ಚು ಬೇಕು. ಮೊಟ್ಟೆ ಮಾಂಸಗಳನ್ನು ಕೊಡಲು ಮನಸ್ಸೊಪ್ಪದವರು ಪಶುವೈದ್ಯರನ್ನು ಕೇಳಿ ಸಮತೂಕದ ಸಿದ್ಧ ಆಹಾರವನ್ನು ಕೊಳ್ಳಲು ಹಣ ಕೊಡಬಹುದು. ಮದುವೆಮನೆಯಲ್ಲಿ ಮಿಕ್ಕ ಅಡುಗೆಯನ್ನು ಪ್ರೀತಿಯಿಂದ ತಂದು ಸುರಿಯುವುದು ಮಾತ್ರ ಉಪಕಾರವಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷಪ್ರಾಯ. ಬೇಯಿಸಿದ ಕೋಳಿಯ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ನಾಯಿ ಯಾವ ಮುನ್ಸೂಚನೆಯೂ ಇಲ್ಲದೆ ಕಚ್ಚಿತೆಂದು ಹೇಳುವವರು ಬಹಳ. ವಾಸ್ತವವಾಗಿ ಅದು ಬಹುತೇಕ ಮೊದಲೇ ಹೇಳಿರುತ್ತದೆ, ಕೇಳುವವರಿಲ್ಲ. ಹಸಿವಿಲ್ಲದಾಗ ತುಟಿ ನೆಕ್ಕುವುದು, ನಿದ್ದೆಯಿಲ್ಲದಾಗ ಆಕಳಿಸುವುದು, ಮುಖ ತಿರುಗಿಸಿಯೂ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಮೈಯೆಲ್ಲ ಕೊರಡಿನಂತೆ ಸೆಟೆದು ನಿಲ್ಲುವುದು, ಇವೆಲ್ಲ ಅದರ ಮಾತುಗಳು. ಬಾಲ ಅಲ್ಲಾಡಿದ ಮಾತ್ರಕ್ಕೆ ಸ್ನೇಹವೆಂದು ತಿಳಿಯಬಾರದು. ಎತ್ತಿದ ಬಾಲದ ತುದಿ ಮಾತ್ರ ಬಿರುಸಾಗಿ ಅದುರಿದರೆ ದೂರ ನಿಲ್ಲುವುದು ಲೇಸು. ಗುರುಗುಟ್ಟುವ ನಾಯಿಯನ್ನು ಹೊಡೆದು ಸುಮ್ಮನಾಗಿಸುವುದು ಅತ್ಯಂತ ಅವಿವೇಕದ ಕೆಲಸ. ಹಾಗೆ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ.

ಹೊಸ ನಾಯಿಯ ಬಳಿ ಎದುರಿನಿಂದ ಹೋಗದೆ ಪಕ್ಕದಿಂದ ಹೋಗಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ತಲೆಯ ಮೇಲಿಂದ ಕೈ ಚಾಚಬಾರದು, ಅದರ ಮುಖದ ಸಮೀಪಕ್ಕೆ ತನ್ನ ಮುಖ ಒಯ್ಯಬಾರದು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡವನ ಬೆರಳು ಮುರಿಯಬಹುದು, ಮಡಿಸಿ ಹಿಡಿಯಬೇಕು. ಗಾಯಗೊಂಡ ನಾಯಿ ತನ್ನನ್ನು ಸಾಕಿದವನನ್ನೂ ಕಚ್ಚುವುದರಿಂದ ಔಷಧಿ ಹಚ್ಚುವ ಮುನ್ನ ಬಾಯಿಗೆ ಕುಕ್ಕೆ ಹಾಕಬೇಕು. ಎರಡು ನಾಯಿ ಕಾದಾಡುವಾಗ ನಡುವೆ ಕೈ ಹಾಕುವುದೇ ಆಶ್ರಯಧಾಮಗಳಲ್ಲಿ ಆಳವಾದ ಗಾಯಗಳಾಗಲು ದೊಡ್ಡ ಕಾರಣ. ಒಂದು ಬಕೆಟ್ಟು ನೀರೆರಚುವುದು, ದಪ್ಪ ಕಂಬಳಿ ಎಸೆಯುವುದು, ನಡುವೆ ಹಲಗೆ ತೂರಿಸುವುದು, ಇವು ಸಾಧನಗಳು. ಇವನ್ನು ಹುಡುಕಬೇಕಾಗದಂತೆ ಪ್ರತಿ ಬಾಗಿಲ ಬಳಿಯೂ ಇಟ್ಟಿರಬೇಕು. ಒಬ್ಬನೇ ಒಳಹೋಗಕೂಡದೆಂಬ ನಿಯಮಕ್ಕೆ ಯಾವ ವಿನಾಯಿತಿಯೂ ಇರಬಾರದು. ಹೊರಬಾಗಿಲಿಗೆ ಎರಡು ಕದಗಳಿದ್ದು, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ಏರ್ಪಾಡಿದ್ದರೆ ರಸ್ತೆಗೆ ನುಗ್ಗಿ ಸಾಯುವ ನಾಯಿಗಳೂ ಅವುಗಳ ಹಿಂದೆ ಓಡಿ ಬೀಳುವ ಸೇವಕರೂ ಉಳಿಯುತ್ತಾರೆ. ಭಾನುವಾರ ಮಾತ್ರ ಬಂದು, ಮರಿಯನ್ನೆತ್ತಿ ಕೆನ್ನೆಗೊತ್ತಿಕೊಂಡು ಛಾಯಾಚಿತ್ರ ತೆಗೆಸಿಕೊಂಡು ಹೋಗುವವರಿಗೆ ಈ ನಿಯಮಗಳು ಕಠಿಣವೆನಿಸಬಹುದು.

ಇನ್ನು ಹುಚ್ಚುನಾಯಿ ರೋಗ, ಅಂದರೆ ರೇಬಿಸ್. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಲಸಿಕೆ ಕೊಟ್ಟು ಬದುಕಿಸಿದಂದಿನಿಂದ ಇದು ತಡೆಗಟ್ಟಬಹುದಾದ ಮರಣವಾಗಿದೆ. ದಕ್ಷಿಣ ಭಾರತಕ್ಕೆ ಕೂನೂರಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಆದರೂ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದೂ ಅವರಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಬಹುಕಾಲದಿಂದ ಉಲ್ಲೇಖವಾಗುತ್ತಿದೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇಕಡಾ 40ರಷ್ಟು ಮಂದಿ 15 ವರ್ಷಕ್ಕಿಂತ ಕಿರಿಯರೆಂಬುದು ಶಾಲೆ ನಡೆಸುವವರು ನೆನಪಿಡಬೇಕಾದ ಸಂಗತಿ. ಕರ್ನಾಟಕ ಸರ್ಕಾರವು 2022ರ ಡಿಸೆಂಬರಿನಲ್ಲಿ ಮಾನವ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಸಾಮೂಹಿಕ ಲಸಿಕೆಯಿಂದ ಏನು ಸಾಧ್ಯವೆಂಬುದನ್ನು ನೆರೆಯ ಗೋವಾ ತೋರಿಸಿತು: ನಾಯಿಗಳಿಗೆ ವರ್ಷವರ್ಷವೂ ಲಸಿಕೆ ಹಾಕಿದ ಫಲವಾಗಿ 2021ರಲ್ಲಿ ಆ ರಾಜ್ಯವನ್ನು ರೇಬಿಸ್ ನಿಯಂತ್ರಿತ ಪ್ರದೇಶವೆಂದು ಸಾರಲಾಯಿತು.

ಹಿರಿಯರ ಮನಸ್ಸಿನಲ್ಲಿ ಹೊಕ್ಕುಳ ಸುತ್ತ ಹಾಕುತ್ತಿದ್ದ 14 ಚುಚ್ಚುಮದ್ದುಗಳ ಭಯ ಇನ್ನೂ ಉಳಿದಿದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ಭಾರತದಲ್ಲಿ 2004ರ ಅಂತ್ಯಕ್ಕೆ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ, ನೋವು ಅಲ್ಪ. ಸ್ವಯಂಸೇವಕನಾಗ ಬಯಸುವವನು ನಾಯಿಯನ್ನು ಮುಟ್ಟುವ ಮೊದಲೇ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿರಬೇಕು: ಮೊದಲ ದಿನವನ್ನು ಸೊನ್ನೆಯೆಂದೆಣಿಸಿ 0, 7 ಮತ್ತು 21 ಅಥವಾ 28ನೆಯ ದಿನಗಳಂದು. ಹೀಗೆ ಹಾಕಿಸಿಕೊಂಡವನಿಗೆ ಮುಂದೆ ಕಡಿತವಾದರೆ 0 ಮತ್ತು 3ನೆಯ ದಿನಗಳಂದು ಎರಡು ಲಸಿಕೆಗಳೇ ಸಾಕಾಗುತ್ತವೆ. ದುಬಾರಿಯೂ ಎಲ್ಲೆಡೆ ದೊರೆಯದಂಥದೂ ಆದ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಹಾಕಿಸಿಕೊಳ್ಳದಿದ್ದವನಿಗೆ ರಕ್ತ ಬರುವ ಗಾಯವಾದರೆ ಅದೂ ಬೇಕು, ಲಸಿಕೆಯ ಪೂರ್ಣ ಸರಣಿಯೂ ಬೇಕು. ಲಸಿಕೆಯ ಚೀಟಿ ತೋರಿಸದವರನ್ನು ಬೇಲಿಯೊಳಗೆ ಬಿಡುವುದಿಲ್ಲವೆಂದು ವ್ಯವಸ್ಥಾಪಕರು ಖಂಡಿತವಾಗಿ ಹೇಳಬೇಕು. ಹಾಗೆ ಹೇಳಿದ್ದರಿಂದ ಇಬ್ಬರು ಸೇವಕರು ಕಡಿಮೆಯಾದರೂ ಚಿಂತೆಯಿಲ್ಲ.

ಕಚ್ಚಿದಾಗ, ಪರಚಿದಾಗ, ತೆರೆದ ಗಾಯಕ್ಕೆ ಜೊಲ್ಲು ತಗುಲಿದಾಗ ಮೊದಲ ಔಷಧಿ ನಲ್ಲಿಯ ನೀರು. ಸಾಬೂನು ಹಚ್ಚಿ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು, ಹರಿಯುವ ನೀರಿನಲ್ಲಿ ಗಾಯವನ್ನು ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಅರಿಸಿನ, ಕಾಫಿಪುಡಿ, ನಾಟಿಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ತೊಳೆದ ಕೂಡಲೆ ಆಸ್ಪತ್ರೆ. ಕಚ್ಚಿದ ನಾಯಿಯನ್ನು ಹತ್ತು ದಿನ ಪ್ರತ್ಯೇಕವಾಗಿಟ್ಟು ನೋಡುವುದು ಸರಿಯಾದರೂ ಆ ಹತ್ತು ದಿನ ಚಿಕಿತ್ಸೆಗೆ ಕಾಯತಕ್ಕದ್ದಲ್ಲ. ಪುಟ್ಟ ಮರಿಯ ಹಲ್ಲು ತಾಗಿತೆಂದು ನಕ್ಕು ಸುಮ್ಮನಾಗುವುದೂ ಸಲ್ಲದು. ಮರಿಗೂ ರೇಬಿಸ್ ಬರುತ್ತದೆ. ರೋಗ ಒಳಗೇ ಅಡಗಿರುವ ಅವಧಿ ಸಾಮಾನ್ಯವಾಗಿ ಎರಡು ಮೂರು ತಿಂಗಳಾದ್ದರಿಂದ ಮರೆತ ಗಾಯವೇ ಕೊಲ್ಲುತ್ತದೆ. ಪ್ರತಿ ಗೀರನ್ನೂ ದಿನಾಂಕ ಸಹಿತ ಪುಸ್ತಕದಲ್ಲಿ ಬರೆಯಬೇಕು. ಬರೆಸಿದವನನ್ನು ಎಚ್ಚರಗೇಡಿಯೆಂದು ಬೈಯಬಾರದು, ಬೈದರೆ ಮುಂದಿನವನು ಮುಚ್ಚಿಡುತ್ತಾನೆ.

ಬೆಂಗಳೂರಿನ ಪದ್ಧತಿಗಳನ್ನು ಮೇಗರವಳ್ಳಿಯಂತಹ ಊರಿಗೆ ಹಾಗೆಯೇ ತರಲಾಗದು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ. ಆಷಾಢ ಶ್ರಾವಣಗಳಲ್ಲಿ ತೊಳೆದ ನೆಲ ಒಣಗುವುದೇ ಇಲ್ಲ. ಇಲಿಯ ಮತ್ತು ಸೋಂಕಿತ ನಾಯಿಯ ಮೂತ್ರದಿಂದ ಹರಡುವ ಇಲಿಜ್ವರದ ಕ್ರಿಮಿಗೆ ನಿಂತ ನೀರೂ ಒಡೆದ ಹಿಮ್ಮಡಿಯೂ ಸಾಕು. ಆದ್ದರಿಂದ ಗಂಬೂಟು, ಇಳಿಜಾರಾದ ನೆಲ, ಮೂತ್ರ ಹರಿದುಹೋಗುವ ಚರಂಡಿ, ನೆಲದಿಂದ ಗೇಣೆತ್ತರದ ಮರದ ಮಂಚ ಇವು ಇಲ್ಲಿ ಅಗತ್ಯಗಳೇ. ಬಿಸಿಲುಗಾಲ ಬಂದರೆ ಉಣುಗಿನ ಕಾಟ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಪ್ರಾಣಹಾನಿ ಮಾಡಿದ್ದನ್ನು ಈ ಭಾಗದವರು ಮರೆತಿಲ್ಲ. ಅದನ್ನು ಹರಡುವುದು ಕಾಡಿನ ಉಣುಗು. ನಾಯಿಗೂಡಿನ ಗೋಡೆಬಿರುಕಿನಲ್ಲಿ ಸಂಸಾರ ಹೂಡುವ ಕಂದು ಉಣುಗು ಬೇರೆ, ಅದು ಮುಖ್ಯವಾಗಿ ನಾಯಿಗೆ ಜ್ವರ ತರುತ್ತದೆ. ಆದರೆ ಕಾಡಿನಲ್ಲಿ ಅಲೆದು ಬಂದ ನಾಯಿಯ ಮೈಮೇಲೆ ಯಾವುದಿದೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು. ಉಣುಗನ್ನು ಬರಿಬೆರಳಿನಿಂದ ಕಿತ್ತು ಉಗುರಿನಲ್ಲಿ ಒರೆಯುವ ಅಭ್ಯಾಸವನ್ನು ಬಿಡಬೇಕು, ಚಿಮಟದಿಂದ ತೆಗೆದು ಮದ್ಯಸಾರದಲ್ಲಿ ಹಾಕಬೇಕು. ಆಶ್ರಯಧಾಮವನ್ನು ಕಾಡಂಚಿಗೆ ಕಟ್ಟದಿರುವುದು ಇನ್ನೂ ಉತ್ತಮ. ಚಿರತೆಗೆ ನಾಯಿಯಷ್ಟು ಸುಲಭದ ಬೇಟೆ ಬೇರೆಯಿಲ್ಲ. ಮೇಲ್ಗಡೆಗೆ ಬಲೆಯಿಲ್ಲದ ಎತ್ತರದ ಬೇಲಿ ಮಲೆನಾಡಿನಲ್ಲಿ ಬೇಲಿಯೆನಿಸದು.

ವಿದ್ಯಾರ್ಥಿಗಳನ್ನು ಈ ಸೇವೆಗೆ ಹಚ್ಚುವ ವಿಚಾರ ಶಿಕ್ಷಕರಲ್ಲಿ ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದು. ಹದಿನೆಂಟು ತುಂಬದವರನ್ನು ಕೊಟ್ಟಡಿಯೊಳಗೆ ಬಿಡದಿದ್ದರೂ ಅವರಿಗೆ ಕೆಲಸಕ್ಕೇನೂ ಕೊರತೆಯಿಲ್ಲ. ಹಳೆಯ ಗೋಣಿಚೀಲಗಳನ್ನು ಹೊಲಿದು ಹಾಸುಗೆ ಮಾಡುವುದು, ಪ್ರತಿ ನಾಯಿಯ ಬಣ್ಣ, ಗುರುತು, ಲಸಿಕೆಯ ದಿನಾಂಕಗಳನ್ನು ಬರೆದಿಡುವುದು, ಊರಿನ ಸಾಕುನಾಯಿಗಳ ಯಾದಿ ಮಾಡಿ ಲಸಿಕೆಯ ದಿನ ಮನೆಮನೆಗೆ ನೆನಪಿಸುವುದು ಅವರ ಪಾಲಿಗಿರಲಿ. ಮನೆಯ ನಾಯಿಗೆ ಲಸಿಕೆಯಾದರೆ ಬೀದಿಗೆ ಬರುವ ರೋಗ ಅಷ್ಟರಮಟ್ಟಿಗೆ ತಗ್ಗುತ್ತದೆ. ಹಿರಿಯ ವಿದ್ಯಾರ್ಥಿಗಳು ವಾರಕ್ಕೆ ಒಂದೇ ದಿನ ಬಂದರೂ ಅದೇ ದಿನ, ಅದೇ ಹೊತ್ತಿಗೆ, ತಪ್ಪದೆ ಬರುವುದು ಮುಖ್ಯ. ಹೇಳದೆ ತಪ್ಪಿಸಿಕೊಂಡವನ ಪಾಲಿನ ಕೆಲಸವನ್ನು ಉಳಿದವನು ಅವಸರದಿಂದ ಒಬ್ಬನೇ ಮಾಡುತ್ತಾನೆ. ಕಡಿತಗಳು ಬಹಳಷ್ಟು ಆಗುವುದು ಆ ಅವಸರದಲ್ಲಿಯೇ. ಕಾಯಕವೆಂಬ ಮಾತನ್ನು ಶಾಲೆಯ ಗೋಡೆಯ ಮೇಲೆ ಬರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಾನಿಗಳಿಗೆ ಕಟ್ಟಡಕ್ಕಿಂತ ಕಡಿಮೆ ಆಕರ್ಷಕವಾದ ಕೆಲವು ಬಾಬುಗಳಿವೆ: ಸೇವಕರ ಲಸಿಕೆಯ ವೆಚ್ಚ, ಗಂಬೂಟು ಕೈಗವಸುಗಳು, ವಾರಕ್ಕೊಮ್ಮೆ ಬರುವ ಪಶುವೈದ್ಯರ ಪ್ರಯಾಣದ ಖರ್ಚು, ರಾತ್ರಿ ಕಾವಲುಗಾರನ ಸಂಬಳ. ಇವುಗಳ ಜತೆಗೆ ಒಂದು ಶೈತ್ಯಪೆಟ್ಟಿಗೆ. ನಾಯಿಗಳ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದ ಊರುಗಳಲ್ಲಿ ಕೆಟ್ಟ ಲಸಿಕೆಗೂ ಒಳ್ಳೆಯ ಲಸಿಕೆಗೂ ನೋಟಕ್ಕೆ ಭೇದ ಕಾಣದು. ಕೆಟ್ಟದ್ದನ್ನು ಚುಚ್ಚಿದರೆ ನಾಯಿಗೆ ರಕ್ಷಣೆಯಾಯಿತೆಂಬ ಸುಳ್ಳು ಧೈರ್ಯವೊಂದೇ ಫಲ. ಪೆಟ್ಟಿಗೆಯೊಳಗೊಂದು ಉಷ್ಣಮಾಪಕವನ್ನಿಟ್ಟು ಬೆಳಿಗ್ಗೆ ಸಂಜೆ ಅದರ ಅಂಕಿಯನ್ನು ಬರೆದಿಡುವುದು, ಮಳೆಗಾಲಕ್ಕೆ ಮುನ್ನವೇ ಲಸಿಕೆಗಳನ್ನು ಹಾಕಿ ಮುಗಿಸುವುದು, ಉಳಿದ ಲಸಿಕೆಯನ್ನು ವಿದ್ಯುಜ್ಜನಕವಿರುವ ತಾಲ್ಲೂಕು ಪಶು ಆಸ್ಪತ್ರೆಯಲ್ಲಿಡುವಂತೆ ಮೊದಲೇ ಮಾತಾಡಿಕೊಂಡಿರುವುದು, ಈ ಮೂರೂ ಹಣಕ್ಕಿಂತ ಹೆಚ್ಚಾಗಿ ಒಬ್ಬ ಜವಾಬ್ದಾರ ವ್ಯಕ್ತಿಯನ್ನು ಕೇಳುತ್ತವೆ.